ತಣ್ಣೀರಿನಲ್ಲಿ ಕುಂಭಕ

ಓಕ್‌ಲ್ಯಾಂಡಿನ ಬಂದರಿನ ಪಕ್ಕದಲ್ಲಿದ್ದ ಆ ಆಫೀಸಿನಲ್ಲಿ ನನಗೆ ಕೊಟ್ಟ ಫಾರಂ ಎರಡು ಪುಟದ್ದು. ಹೃದಯದ ಕಾಯಿಲೆ ಇದೆಯೆ, ಮೂರ್ಛೆ ಬರುತ್ತದೆಯೆ, ಕಿವಿ ಸೋರುತ್ತದೆಯೆ ಎಂದೆಲ್ಲ ವಿಚಾರಿಸಿಕೊಂಡು ಎರಡನೆಯ ಪುಟದ ಮಧ್ಯದಲ್ಲಿ, ಅಸ್ತಮಾ ಇದೆಯೆ ಅಥವಾ ಎಂದಾದರೂ ಇತ್ತೆ ಎಂದು ಕೇಳಿದ್ದರು. 'ಎಂದಾದರೂ' ಎನ್ನುವ ಮಾತಿನ ಕೆಳಗೆ ಗೆರೆ ಎಳೆದಿತ್ತು. ನಾನು 'ಇಲ್ಲ' ಎನ್ನುವ ಕಡೆ ಗುರುತು ಹಾಕಿ, ಸಹಿ ಮಾಡಿ, ಹೋಗಿ ಕಾಫಿ ಬಗ್ಗಿಸಿಕೊಂಡೆ. ಈ ವಿಷಯದಲ್ಲಿ ಅದು ಮೊದಲನೆಯ ಸುಳ್ಳಾಗಿರಲಿಲ್ಲ.

ಎಂಬತ್ತರ ದಶಕದ ಮಧ್ಯಭಾಗ. ನಮ್ಮದು ಹತ್ತು ಜನರ ಸಣ್ಣ ಕಂಪನಿ. ಬೇ ಎಂದು ಕರೆಯುವ ಕೊಲ್ಲಿಯ ಸುತ್ತಮುತ್ತ ಹಡಗುಕಟ್ಟೆಗಳ ಮರದ ಕಂಬಗಳು ನೀರಿನೊಳಗೆ ಎಷ್ಟು ಗಟ್ಟಿಯಾಗಿವೆ, ಎಷ್ಟನ್ನು ಹುಳು ತಿಂದಿದೆ ಎಂದು ನೋಡಿ ವರದಿ ಬರೆದುಕೊಡುವುದು ಕಸುಬು. ನಾನು ಸೇರಿದ್ದು ಲೆಕ್ಕ ಹಾಕಲು, ನಕ್ಷೆ ಬರೆಯಲು. ವರ್ಷವಾಗುವಷ್ಟರಲ್ಲಿ ಯಜಮಾನನಿಗೆ ಹೊಸ ಹುಚ್ಚು ಹಿಡಿಯಿತು. ಅವನು ನೌಕಾಪಡೆಯಲ್ಲಿ ಮುಳುಗುಗಾರನಾಗಿದ್ದವನು, ಕತ್ತು ಭುಜ ಎಲ್ಲ ಒಂದೇ ಅಳತೆ. "ಕಂಬ ನೋಡದೆ ಕಂಬದ ವರದಿಗೆ ಸಹಿ ಹಾಕೋ ಎಂಜಿನಿಯರು ನನಗೆ ಬೇಡ," ಎಂದ. ಅಂದರೆ ನಾನೂ ನೀರಿಗಿಳಿಯಬೇಕು, ಅದಕ್ಕೆ ತರಬೇತಿ ಮುಗಿಸಿ ಸರ್ಟಿಫಿಕೇಟು ತರಬೇಕು. ನನ್ನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದುದು ಇದೇ ಕಂಪನಿ. ಸರ್ಟಿಫಿಕೇಟು ಇಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಅರ್ಜಿಯಿಲ್ಲ, ಅರ್ಜಿಯಿಲ್ಲದಿದ್ದರೆ ನಾನೂ ನನ್ನ ಹೆಂಡತಿಯೂ ಗಂಟುಮೂಟೆ ಕಟ್ಟಬೇಕು. ಅವಳು ಹಾಸನದಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಿದ್ದವಳು. ಇಲ್ಲಿ ಕೆಲಸ ಮಾಡಲು ಪರವಾನಗಿ ಇಲ್ಲದೆ ಬೆರ್ರಿಯೆಸಾದ ಅಪಾರ್ಟ್‌ಮೆಂಟಿನಲ್ಲಿ ಎರಡು ವರ್ಷದಿಂದ ಆ ಕಾಗದ ಬರುವ ದಾರಿಯನ್ನೇ ನೋಡುತ್ತ ಕೂತಿದ್ದಳು.

ನನಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಮೈಸೂರಿನ ಚಳಿಗಾಲದಲ್ಲಿ ದಿಂಬಿಗೆ ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದ ಹುಡುಗ ನಾನು. ನನ್ನ ಸೋದರಮಾವ, ಯೋಗಾಸನದ ಹುಚ್ಚಿದ್ದ ಪೋಸ್ಟ್‌ಮಾಸ್ಟರು, ಹಟ ಹಿಡಿದು ನನಗೆ ಪ್ರಾಣಾಯಾಮ ಕಲಿಸಿದ. ಉಸಿರು ತೆಗೆದುಕೊಳ್ಳುವುದು, ಒಳಗೆ ಕಟ್ಟಿ ನಿಲ್ಲಿಸುವುದು, ನಿಧಾನಕ್ಕೆ ಬಿಡುವುದು. ಒಳಗೆ ಕಟ್ಟಿ ನಿಲ್ಲಿಸುವ ಕುಂಭಕದಲ್ಲಿ ನಾನು ಮಾವನನ್ನೂ ಮೀರಿಸಿದೆ. ಹದಿನೈದರ ಹೊತ್ತಿಗೆ ಉಬ್ಬಸ ಹೋಯಿತು. ವಯಸ್ಸಿಗೆ ತಾನಾಗಿ ಹೋಯಿತೋ, ಕುಂಭಕದಿಂದ ಹೋಯಿತೋ, ದೇವರಿಗೇ ಗೊತ್ತು. ಮಾವನಿಗಂತೂ ಅನುಮಾನವೇ ಇರಲಿಲ್ಲ, ನನಗೂ ಇರಲಿಲ್ಲ.

ಮದುವೆಯ ಮಾತುಕತೆಗೆ ಹಾಸನಕ್ಕೆ ಹೋದಾಗ ಹುಡುಗಿಯ ಅಜ್ಜ ನೇರವಾಗಿ ಕೇಳಿದರು, "ಹುಡುಗನ ಆರೋಗ್ಯ ಹೇಗೆ? ಹಿಂದೆ ಏನಾದ್ರೂ ಇತ್ತಾ?" ಮಾವ ನನ್ನ ಬೆನ್ನು ತಟ್ಟಿ, "ಕಲ್ಲುಗುಂಡು ಸ್ವಾಮೀ, ನೆಗಡಿ ಕೂಡ ಬಂದಿಲ್ಲ," ಎಂದ. ನಮ್ಮಲ್ಲಿ ಇದಕ್ಕೆ ಯಾರೂ ಸುಳ್ಳು ಅನ್ನುವುದಿಲ್ಲ, ಮದುವೆ ಮಾತುಕತೆ ಅನ್ನುತ್ತಾರೆ. ನಾನು ತಲೆ ತಗ್ಗಿಸಿ ಕೇಸರಿಬಾತು ತಿಂದೆ. ಮದುವೆಯ ದಿನ ಹೋಮದ ಹೊಗೆ ಎದೆಗೆ ಹೋಗದಿರಲಿ ಎಂದು ಕುಂಭಕ ಮಾಡಿಕೊಂಡು ಕೂತಿದ್ದೆ. ವರನ ಏಕಾಗ್ರತೆ ನೋಡಿ ಕಲೀರಿ ಎಂದು ಪುರೋಹಿತರು ಎಲ್ಲರೆದುರು ಹೊಗಳಿದರು.

ತರಬೇತಿ ಮೊದಲು ಈಜುಕೊಳದಲ್ಲಿ, ಆಮೇಲೆ ಮಾಂಟೆರೆಯ ಕಡಲಿನಲ್ಲಿ. ಕಲಿಸುವವಳು ಐವತ್ತು ದಾಟಿದ ಹೆಂಗಸು. ಬಿಳಿಯ ಗಿಡ್ಡ ಕೂದಲು, ಉಪ್ಪುನೀರಿಗೆ ಒಡೆದ ತುಟಿ. ಮೊದಲ ದಿನವೇ ನಮ್ಮ ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ ಹೇಳಿದಳು, "ನೀವು ಏನು ಬೇಕಾದರೂ ಮರೆಯಿರಿ, ಇದೊಂದನ್ನು ಮರೀಬೇಡಿ. ನೀರಿನೊಳಗೆ ಉಸಿರು ಕಟ್ಟಬಾರದು. ಯಾವತ್ತೂ. ಯಾವ ಕಾರಣಕ್ಕೂ." ಕೆಳಗೆ ತೆಗೆದುಕೊಂಡ ಗಾಳಿ ನೀರಿನ ಭಾರಕ್ಕೆ ಅಮುಕಿಕೊಂಡಿರುತ್ತದೆ, ಮೇಲೆ ಬರುತ್ತ ಬರುತ್ತ ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಮೇಲೆ ಬಂದರೆ ಶ್ವಾಸಕೋಶ ಹರಿಯುತ್ತದೆ. ಹಾಲು ಉಕ್ಕುವಾಗ ಮುಚ್ಚಳ ಒತ್ತಿ ಹಿಡಿದ ಹಾಗೆ ಎಂದು ನಾನು ನನಗೆ ಅರ್ಥವಾಗುವಂತೆ ಬರೆದುಕೊಂಡೆ. ಬರೆದುಕೊಂಡದ್ದಷ್ಟೇ.

ಆ ಸೂಟು ಹಾಕಿಕೊಳ್ಳುವುದೇ ಒಂದು ಕುಸ್ತಿ. ಬೆರಳು ದಪ್ಪದ ರಬ್ಬರು ಕಾಲಿನಿಂದ ಕತ್ತಿನವರೆಗೆ ಬಿಗಿಯುತ್ತದೆ. ತಲೆಗೆ ಅದೇ ರಬ್ಬರಿನ ಕುಲಾವಿ, ಅದು ಗಂಟಲನ್ನು ಹಿಡಿದುಕೊಳ್ಳುತ್ತದೆ. ಸೊಂಟಕ್ಕೆ ಸೀಸದ ಪಟ್ಟಿ, ಬೆನ್ನಿಗೆ ಗಾಳಿಯ ಸಿಲಿಂಡರು, ಮೂಗು ಮುಚ್ಚುವ ಗಾಜು, ಬಾಯಿಗೆ ನಳಿಕೆಯ ತುದಿ. ಎಲ್ಲ ಹೊತ್ತುಕೊಂಡು ದಡದ ಕಲ್ಲುಗಳ ಮೇಲೆ ನಿಂತಾಗ ಹೊರಗೆ ಬರುವ ದಾರಿಯೇ ಇಲ್ಲವೆನಿಸುತ್ತಿತ್ತು. ಜಿಪ್ಪು ಬೆನ್ನಿನ ಕಡೆ. ಬೇರೆಯವರು ಬಿಚ್ಚದೆ ನಾನು ಬಿಚ್ಚುವಂತಿಲ್ಲ. ನೀರಿಗಿಳಿದ ಮೇಲೆ ಚಳಿ ಬೆನ್ನುಹುರಿಯೊಳಗೆ ಇಳಿಯುತ್ತಿತ್ತು. ಕ್ಯಾಲಿಫೋರ್ನಿಯಾದ ಕಡಲು ಅಂದರೆ ಬಿಸಿಲು, ಬೀಚು ಎಂದು ಊರಿನಲ್ಲಿ ನಂಬಿದ್ದವರನ್ನೆಲ್ಲ ಕರೆತಂದು ಒಮ್ಮೆ ಅದರಲ್ಲಿ ಅದ್ದಬೇಕು ಎನಿಸುತ್ತಿತ್ತು.

ಎಲ್ಲರಿಗಿಂತ ನನಗಿದ್ದ ಭಯ ಬೇರೆ. ತಣ್ಣಗಿನ ಒಣ ಗಾಳಿ ಎದೆಗೆ ಹೋದರೆ ಉಬ್ಬಸ ಎಚ್ಚರವಾಗಬಹುದು ಎನ್ನುವುದು ನನಗೆ ಗೊತ್ತಿತ್ತು. ಸಿಲಿಂಡರಿನಲ್ಲಿರುವುದು ಬರೀ ಅದೇ. ಹಾಗಾಗಿ ನಾನು ನೀರಿನೊಳಗೆ ಯಾರಿಗೂ ಹೇಳದೆ ಮಾವನ ಮದ್ದು ಶುರು ಮಾಡಿದೆ. ಒಂದು ಉಸಿರು ತೆಗೆದುಕೊಂಡು ಕಟ್ಟಿ, ಹದಿನಾರು ಎಣಿಸಿ, ಬಿಡುವುದು. ಎದೆ ನಿಜವಾಗಿ ಹಗುರವಾದಂತೆ ಅನಿಸುತ್ತಿತ್ತು. ಅದೂ ಅಲ್ಲದೆ ಎಲ್ಲರ ಸಿಲಿಂಡರು ಖಾಲಿಯಾದರೂ ನನ್ನದರಲ್ಲಿ ಗಾಳಿ ಉಳಿಯುತ್ತಿತ್ತು. ಜೊತೆಯವರು ಬೆರಗಾಗುತ್ತಿದ್ದರು. ನಾನು ಒಳಗೊಳಗೇ ಬೀಗುತ್ತಿದ್ದೆ. ನೀರಿನಿಂದ ಬಂದ ಮೇಲೆ ಎರಡು ಗಂಟೆ ತಲೆ ಸಿಡಿಯುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಕಲಿಸುವವಳಿಗೆ ಸಂಶಯ ಬಂತು. ಒಂದು ದಿನ ದಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ನಾನು ದೋಣಿಯ ಮೇಲೆ ಕೂತು ನಿಮ್ಮೆಲ್ಲರ ಗುಳ್ಳೆ ನೋಡ್ತಿರ್ತೀನಿ. ಎಲ್ಲರದ್ದೂ ಬರ್ತಾನೇ ಇರುತ್ತೆ. ನಿನ್ನದು ನಿಲ್ಲುತ್ತೆ," ಎಂದಳು. "ಇನ್ನೊಂದು ಸಲ ನಿಂತದ್ದು ಕಂಡರೆ ನಿನ್ನನ್ನ ಪಾಸು ಮಾಡಲ್ಲ. ಉಸಿರು ಉಳಿಸೋಕೆ ನೀರಿಗೆ ಇಳಿಯೋದಲ್ಲ." ನಾನು ಆಯಿತು ಎಂದೆ. ಆಮೇಲೆ ಎರಡು ವಾರ ಅವಳ ಕಣ್ಣಿಗೆ ಬೀಳುವಂತೆ ದನದ ಹಾಗೆ ಉಸಿರಾಡಿದೆ. ಅವಳು ಬೇರೆ ಕಡೆ ನೋಡಿದಾಗ ಮತ್ತೆ ಹದಿನಾರು ಎಣಿಸುತ್ತಿದ್ದೆ. ನನ್ನ ಸ್ಥಿತಿ ನೋಡಿ. ಕಟ್ಟಿದರೆ ಅವಳು ಹೊರಗೆ ಹಾಕುತ್ತಾಳೆ, ಕಟ್ಟದಿದ್ದರೆ ಉಬ್ಬಸ ಹಿಡಿಯುತ್ತದೆ ಎಂಬ ನಂಬಿಕೆ. ಫಾರಂ ಬದಲಿಸುವಂತಿಲ್ಲ. ಹೆಂಡತಿಯ ಹತ್ತಿರ ಬಾಯಿ ಬಿಡುವಂತಿಲ್ಲ, ಅವಳಿಗೂ ಅದೇ ಸುಳ್ಳು ಹೇಳಿ ಮದುವೆಯಾಗಿದ್ದೆ.

ಕಡೆಯ ಪರೀಕ್ಷೆ ಉತ್ತರದಲ್ಲಿ, ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎನ್ನುವ ಒಳಗಡಲಿನಲ್ಲಿ. ನಮ್ಮ ಕಂಪನಿಗೆ ಅಲ್ಲಿ ಒಂದು ದೋಣಿಕಟ್ಟೆ ನೋಡುವ ಕೆಲಸ ಸಿಕ್ಕಿತ್ತು. ಫೆಬ್ರವರಿಯಲ್ಲಿ ಆರು ಸಲ ಮುಳುಗಿ ಕಂಬಗಳನ್ನು ಅಳೆದರೆ ಸರ್ಟಿಫಿಕೇಟು ಕೈಗೆ. ವ್ಯಾನಿನಲ್ಲಿ ಎರಡು ದಿನದ ದಾರಿ, ಆರೆಗನ್ ದಾಟುವವರೆಗೂ ಬಿಡದ ಮಳೆ. ಮುಳುಗುವವರು ಯಾವಾಗಲೂ ಜೋಡಿಯಾಗಿ ಇಳಿಯಬೇಕು. ನನ್ನ ಜೊತೆಗಾರ ನಮ್ಮ ಕಂಪನಿಯ ಮುಳುಗುಗಾರ, ಮಾಂಟೆರೆಯ ಮೀನುಗಾರರ ಮನೆಯವನು, ಆನೆಯಂಥ ಆಳು, ಮುಂಗೈ ಮೇಲೆ ಲಂಗರಿನ ಹಚ್ಚೆ. ಹೆಂಡತಿ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಬೆಣ್ಣೆ ಸವರಿ ಉದುರಿಸಿಕೊಂಡು ಅರ್ಧ ಡಬ್ಬಿ ಖಾಲಿ ಮಾಡಿದ. ಒಳ್ಳೆಯವನು. ಸಿಗರೇಟು ಮಾತ್ರ ಒಂದರ ಹಿಂದೊಂದು.

ಆರನೆಯ ಮುಳುಗಿನ ಬೆಳಿಗ್ಗೆ ಅದೇ ಸಿಗರೇಟಿನಿಂದ ಜಗಳವಾಯಿತು. ವ್ಯಾನಿನ ಕಿಟಕಿಗಳನ್ನೆಲ್ಲ ಮುಚ್ಚಿ ಹೀಟರು ಹಾಕಿಕೊಂಡು ಅವನು ಹಚ್ಚಿದ. ಎರಡು ದಿನದಿಂದ ನನ್ನ ಎದೆಯೊಳಗೆ ಏನೋ ಕೆರೆಯುತ್ತಿತ್ತು. ನಾನು ಕಿಟಕಿ ಇಳಿಸಿದೆ, ಅವನು ಚಳಿ ಎಂದು ಗೊಣಗಿದ. ಮುಚ್ಚು ಎಂದ, ಮುಚ್ಚಲ್ಲ ಎಂದೆ. ನಿನ್ನ ಹೊಗೆ ಕುಡಿಯಲು ನಾನು ನಿನ್ನ ಮನೆಯ ಚಿಮಣಿಯಲ್ಲ ಎಂದು ಕೂಗಾಡಿದೆ. ಅವನು ಸಿಗರೇಟು ಹೊರಗೆಸೆದು, ಅರ್ಧ ನಗುತ್ತಲೇ, "ಒಂದು ದಿನ ನಿನ್ನ ಹೊಟ್ಟೆಗೆ ಸರಿಯಾಗಿ ಕೊಡ್ತೀನಿ," ಎಂದ. ಮುಂದಿನ ಸೀಟಿನಲ್ಲಿ ಕಲಿಸುವವಳು ಕೂತಿದ್ದಳು. ಎಲ್ಲ ಕೇಳಿಸಿಕೊಂಡಳು.

ಅಲ್ಲಿನ ನೀರು ಚಳಿಗಾಲದಲ್ಲಿ ಗಾಜಿನಷ್ಟು ತಿಳಿ. ನಾವಿಬ್ಬರೂ ಮೂವತ್ತು ಅಡಿ ಇಳಿದು ಕಟ್ಟೆಯ ಕೆಳಗೆ ಹೋದೆವು. ತಲೆಯ ಮೇಲೆ ಹಲಗೆ, ಸುತ್ತ ಕಂಬಗಳ ಕಾಡು. ಅವನು ಕಂಬಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆಯುವುದು, ನಾನು ಸುತ್ತಳತೆ ತೆಗೆದು ಪ್ಲಾಸ್ಟಿಕ್ಕಿನ ಫಲಕದ ಮೇಲೆ ಪೆನ್ಸಿಲಿನಲ್ಲಿ ಬರೆಯುವುದು. ನಾಲ್ಕನೆಯ ಕಂಬಕ್ಕೆ ನನ್ನ ಕಿವಿಗೆ ಒಂದು ಸದ್ದು ಕೇಳಿಸಿತು. ಸಣ್ಣ ಸೀಟಿಯ ಸದ್ದು. ಇಪ್ಪತ್ತು ವರ್ಷದ ಮೇಲೆ ಕೇಳಿದರೂ ತಕ್ಷಣ ಗುರುತು ಹಿಡಿದೆ. ಅದು ನನ್ನೊಳಗಿಂದಲೇ ಬರುತ್ತಿತ್ತು.

ಐದನೆಯ ಕಂಬಕ್ಕೆ ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಕುಲಾವಿ ಗಂಟಲನ್ನು ಹಿಸುಕುತ್ತಿತ್ತು. ಕಂಬ ತಬ್ಬಿಕೊಂಡು, ಕಣ್ಣು ಮುಚ್ಚಿ, ನನಗೆ ಗೊತ್ತಿದ್ದ ಒಂದೇ ಒಂದು ಕೆಲಸ ಮಾಡಿದೆ. ಕಟ್ಟಿದೆ. ಒಂದು, ಎರಡು, ಮೂರು. ಹನ್ನೊಂದರವರೆಗೆ ಎಣಿಸಿದ್ದು ನೆನಪಿದೆ. ಆಮೇಲೆ ಎದೆ ಬಿರಿಯುವಂತಾಗಿ, ಫಲಕ ಬಿಟ್ಟು, ಹಲಗೆಗಳ ಅಂಚಿನಾಚೆ ಕಂಡ ಬೆಳಕಿನ ಕಡೆ ಕಾಲು ಬಡಿದೆ. ಬಾಯಿ ಗಟ್ಟಿಯಾಗಿ ಮುಚ್ಚಿತ್ತು. ಹಿಗ್ಗುವ ಗಾಳಿ, ಹರಿಯುವ ಶ್ವಾಸಕೋಶ, ಎಲ್ಲ ಗೊತ್ತಿತ್ತು. ಆದರೆ ಇರುವ ಒಂದು ಉಸಿರನ್ನೂ ಬಿಟ್ಟುಬಿಟ್ಟರೆ ಮತ್ತೊಂದು ಸಿಗುವುದಿಲ್ಲ ಎನ್ನುವ ಭಯದ ಮುಂದೆ ಗೊತ್ತಿದ್ದದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ.

ಯಾರೋ ಕಾಲು ಹಿಡಿದು ಎಳೆದರು. ಜೊತೆಗಾರ. ಎದೆಯ ಪಟ್ಟಿ ಹಿಡಿದು ನನ್ನನ್ನು ತಡೆದು ನಿಲ್ಲಿಸಿ, ಬಾಯಿ ತೆಗೆ ಎಂದು ಕೈಸನ್ನೆ ಮಾಡಿದ. ನಾನು ಒದ್ದಾಡಿದೆ. ಅವನು ಮುಷ್ಟಿ ಕಟ್ಟಿ ನನ್ನ ಹೊಟ್ಟೆಗೆ ಗುದ್ದಿದ, ಒಂದಲ್ಲ, ಎರಡು ಸಲ. ಕಟ್ಟಿದ್ದ ಗಾಳಿ ಭುಸ್ಸೆಂದು ಹೊರಗೆ ಹೋಯಿತು. ಮೇಲೆ ಬರುವವರೆಗೂ ನನ್ನ ಹೊಟ್ಟೆ ಒತ್ತುತ್ತಲೇ ಇದ್ದ, ಗುಳ್ಳೆ ಬರುತ್ತಲೇ ಇತ್ತು. ಅವನು ಗುದ್ದದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಇದರಲ್ಲಿ ಎರಡು ಮಾತಿಲ್ಲ.

ದೋಣಿಯ ಏಣಿ ಹತ್ತುವಾಗ ನನ್ನ ಎದೆ ಸೀಟಿ ಹೊಡೆಯುತ್ತಲೇ ಇತ್ತು. ಅವನು ನನ್ನ ಕಿವಿಯ ಹತ್ತಿರ ಬಂದು, "ಈ ಸದ್ದು ನನಗೆ ಗೊತ್ತು. ನಮ್ಮಮ್ಮನಿಗೆ ಇತ್ತು," ಎಂದ. ಅಷ್ಟೇ ಹೇಳಿ ಸಿಲಿಂಡರು ಬಿಚ್ಚಲು ಆಚೆ ಹೋದ. ಕಲಿಸುವವಳು ದೋಣಿಯಿಂದ ಬಗ್ಗಿ ನೋಡುತ್ತಿದ್ದವಳು, ತಿಳಿನೀರಿನಲ್ಲಿ ಆ ಎರಡು ಗುದ್ದನ್ನು ಕಂಡಿದ್ದಳು. ಅದಕ್ಕೆ ಮುಂಚೆ ನಾನು ಹಲಗೆಗಳ ಕೆಳಗಿದ್ದೆ, ನನ್ನ ಗುಳ್ಳೆ ಅವಳಿಗೆ ಕಂಡಿರಲಿಲ್ಲ. "ಹೊಡೆದನಾ?" ಎಂದಳು. ಹೌದೆಂದು ತಲೆಯಾಡಿಸಿದೆ. ಅದು ನಿಜವೇ ಅಲ್ಲವೆ? "ಉಸಿರು ಕಟ್ಟಿದ್ದೆಯಾ?" ಎಂದಳು. ನನಗೆ ಕೆಮ್ಮು ಬಂತು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೆಮ್ಮಿದೆ.

ಬೆಳಗಿನ ಜಗಳ ಎಲ್ಲರಿಗೂ ಗೊತ್ತಿತ್ತು. ನೀರಿನೊಳಗೆ ಜೊತೆಗಾರನಿಗೆ ಹೊಡೆಯುವುದು ಆ ಕಸುಬಿನಲ್ಲಿ ಕ್ಷಮೆಯಿಲ್ಲದ ತಪ್ಪು. ಅವನನ್ನು ಅಲ್ಲೇ ಕೆಲಸದಿಂದ ತಡೆಹಿಡಿದರು. ಸೋಮವಾರ ಓಕ್‌ಲ್ಯಾಂಡಿನಲ್ಲಿ ಯಜಮಾನನ ಎದುರು ವಿಚಾರಣೆ ಎಂದಾಯಿತು. ತಪ್ಪು ಅವನದೇ ಎಂದು ಬರೆದರೆ ಆ ಕರಾವಳಿಯಲ್ಲಿ ಯಾವ ಕಂಪನಿಯೂ ಅವನನ್ನು ನೀರಿಗಿಳಿಸುವುದಿಲ್ಲ. ನಾನು ನಿಜ ಹೇಳಿದರೆ ನನ್ನ ಕಥೆ ಮುಗಿಯಿತು. ವಾಪಸು ಬರುವ ಎರಡು ದಿನವೂ ಅವನು ಹಿಂದಿನ ಸೀಟಿನಲ್ಲಿ ಕೂತಿದ್ದ. ಒಂದೂ ಸಿಗರೇಟು ಹಚ್ಚಲಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ದೋಸೆ ಹೊಯ್ಯುತ್ತಿದ್ದಳು. ನಾನು ಅಂಗಿ ಬದಲಿಸುವಾಗ ಹೊಟ್ಟೆಯ ಮೇಲಿನ ಕಪ್ಪು ಕಲೆ ಅವಳ ಕಣ್ಣಿಗೆ ಬಿತ್ತು. ಏನ್ರೀ ಇದು ಎಂದಳು. ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಯಾಕೋ ಆಗಲಿಲ್ಲ. ಉಬ್ಬಸ, ಮಾವ, ಫಾರಂ, ಕಂಬ, ಗುದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹೆಂಚಿನ ಮೇಲಿದ್ದ ದೋಸೆ ಸೀದು ಹೊಗೆ ಎದ್ದಿತು. ಅವಳು ಒಲೆ ಆರಿಸಿ, ಕಿಟಕಿ ತೆಗೆದಳು.

"ನಮ್ಮಜ್ಜ ಕೇಳಿದಾಗ ನಾನು ಬಾಗಿಲ ಹಿಂದೆನೇ ಇದ್ದೆ," ಎಂದಳು. "ನಿಮ್ಮ ಮಾವ ಹೇಳಿದ್ದು ಬಿಡಿ, ಅವರಿಗೆ ಮದುವೆ ಮಾಡಿಸ್ಬೇಕಿತ್ತು. ನೀವು? ನಾಲ್ಕು ವರ್ಷದಲ್ಲಿ ಒಂದು ದಿನಾನೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ಏನಂದ್ಕೋತೀಯೋ ಅಂತ."

"ಉಬ್ಬಸ ಇದ್ರೆ ಕಷಾಯ ಮಾಡಿಕೊಡ್ತಿದ್ದೆ. ಇನ್ನೇನು ಮಾಡ್ತಿದ್ದೆ? ಬಿಟ್ಟು ಓಡಿಹೋಗ್ತಿದ್ನಾ?"

ಅವಳು ಅಡುಗೆಮನೆ ಬಿಟ್ಟು ಕೋಣೆಗೆ ಹೋದಳು. ಒಳಗೆ ಏನೋ ಎಳೆದಾಡುವ ಸದ್ದು ಕೇಳಿ ಹೋಗಿ ನೋಡಿದರೆ ಬಟ್ಟೆಯ ಕ್ಲಾಸೆಟ್ಟಿನ ಮೇಲಿಂದ ಎರಡೂ ಸೂಟ್‌ಕೇಸುಗಳನ್ನು ಇಳಿಸಿ ಒದ್ದೆಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದಳು. ಹೋಗಿ ಒಂದರ ಹಿಡಿಯನ್ನು ಹಿಡಿದುಕೊಂಡೆ.

"ನಾನು ಎಲ್ಲಿಗೂ ಹೋಗ್ತಿಲ್ಲ. ಹೋದ್ರೆ ಇಬ್ರೂ ಹೋಗೋದು," ಎಂದಳು, ತಲೆಯೆತ್ತದೆ. "ನಾಳೆ ಹೋಗಿ ಎಲ್ಲಾ ಹೇಳ್ಬಿಡಿ. ಕೆಲಸ ಹೋದ್ರೆ ಹೋಗ್ಲಿ, ಪೇಪರ್ಸು ಹೋದ್ರೆ ಹೋಗ್ಲಿ. ಹಾಸನದಲ್ಲಿ ನನಗೆ ಕೆಲಸ ಸಿಗುತ್ತೆ. ಆ ಮನುಷ್ಯ ನಿಮ್ಮ ಪ್ರಾಣ ಉಳಿಸಿದಾನೆ ಕಣ್ರೀ. ಅವನ ಅನ್ನ ಕಿತ್ಕೊಂಡು ನಾವಿಲ್ಲಿ ಊಟ ಮಾಡೋಕಾಗುತ್ತಾ?"

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಅತ್ತೆ. ನಾಳೆ ಹೇಳುತ್ತೇನೆ ಎಂದೆ. ಆಗ ನಿಜವಾಗಿಯೂ ಹೇಳುವವನೇ ಇದ್ದೆ. ಇದನ್ನು ಯಾರು ನಂಬದಿದ್ದರೂ ಪರವಾಗಿಲ್ಲ, ಅವಳು ನಂಬಬೇಕು.

ಸೋಮವಾರ ಫ್ರೀವೇಯುದ್ದಕ್ಕೂ ಇಂಗ್ಲಿಷಿನಲ್ಲಿ ಮಾತು ಜೋಡಿಸಿಕೊಂಡು ಹೋದೆ. ಯಜಮಾನನ ಕೋಣೆಯಲ್ಲಿ ನಾಲ್ಕು ಕುರ್ಚಿ. ಕಲಿಸುವವಳು ಕಂಡದ್ದನ್ನು ಕಂಡಂತೆ ಹೇಳಿದಳು, ಬೆಳಗಿನ ಜಗಳವನ್ನೂ ಹೇಳಿದಳು. ಜೊತೆಗಾರ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. "ಇವನು ಉಸಿರು ಕಟ್ಟಿಕೊಂಡು ಮೇಲೆ ಹೋಗ್ತಿದ್ದ. ಸನ್ನೆ ಮಾಡಿದೆ, ಕೇಳಲಿಲ್ಲ. ಅದಕ್ಕೆ ಗುದ್ದಿದೆ," ಎಂದ. ಸೀಟಿಯ ಸದ್ದಿನ ವಿಷಯ ಎತ್ತಲಿಲ್ಲ. ಅದೊಂದು ಮಾತು ಹೇಳಿದ್ದರೆ ಅವನು ಗೆಲ್ಲುತ್ತಿದ್ದ. ಡಾಕ್ಟರು ನನ್ನ ಎದೆಗೆ ಕಿವಿ ಇಟ್ಟರೆ ಸಾಕಿತ್ತು. ಅವನು ಅದನ್ನು ನನಗೆ ಬಿಟ್ಟ. ತಿರುಗಿ ನನ್ನನ್ನು ನೋಡಿದ.

ಯಜಮಾನ ನನ್ನ ಕಡೆ ತಿರುಗಿದ. "ನೀನು ಹೇಳು. ಉಸಿರು ಕಟ್ಟಿದ್ದೆಯಾ?"

ನಿಜ ಹೇಳುವ ಬಾಗಿಲು ತೆರೆದೇ ಇತ್ತು. ಹೆಂಡತಿ ತೆರೆದು ಕಳಿಸಿದ್ದಳು, ಜೊತೆಗಾರ ತೆರೆದು ಕೂತಿದ್ದ. ಜೋಡಿಸಿಕೊಂಡ ಮಾತು ಗಂಟಲವರೆಗೆ ಬಂತು. ಯಜಮಾನನ ಮೇಜಿನ ಮೇಲೆ ನನ್ನ ಅರ್ಜಿಯ ಫೈಲು ಇತ್ತು, ಅವನು ಅದನ್ನು ಬೇಕೆಂದೇ ಇಟ್ಟಿದ್ದನೋ ಇಲ್ಲವೋ ಗೊತ್ತಿಲ್ಲ. ಅದನ್ನು ನೋಡಿದೆ.

"ನೆನಪಿಲ್ಲ," ಎಂದೆ.

ಎರಡನೆಯ ಸಲ ಕೇಳಿದ. ಎರಡನೆಯ ಸಲವೂ ಅದನ್ನೇ ಹೇಳಿದೆ, ಇನ್ನಷ್ಟು ಸಲೀಸಾಗಿ. ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಜೊತೆಗಾರನನ್ನು ತೆಗೆದುಹಾಕಿದರು, ಯಾಕೆಂದು ಕಾಗದದ ಮೇಲೆ ಬರೆದರು. ಅರ್ಧಕ್ಕೆ ನಿಂತ ಆರನೆಯ ಮುಳುಗನ್ನೂ ಲೆಕ್ಕಕ್ಕೆ ಹಿಡಿದು ನನಗೆ ಮುಂದಿನ ವಾರ ಸರ್ಟಿಫಿಕೇಟು ಕೊಟ್ಟರು. ಕಲಿಸುವವಳು ಅದಕ್ಕೆ ಸಹಿ ಹಾಕುವಾಗ ನನ್ನ ಮುಖ ನೋಡಲಿಲ್ಲ.

ಕಾರು ನಿಲ್ಲಿಸಿದ್ದ ಕಡೆ ಜೊತೆಗಾರ ಸಿಕ್ಕ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಮಗುವಿಗೆ ಹೇಳುವ ಹಾಗೆ ಮೆತ್ತಗೆ, "ಮೇಲೆ ಬರುವಾಗ ಉಸಿರು ಬಿಡು," ಎಂದು ಹೇಳಿ ತನ್ನ ಟ್ರಕ್ಕು ಹತ್ತಿ ಹೋದ. ಮತ್ತೆ ಅವನನ್ನು ನಾನು ನೋಡಲಿಲ್ಲ. ಹುಡುಕಲೂ ಇಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಹೇಳಿದ್ರಾ?" ಎಂದಳು.

"ಹೇಳಿದೆ," ಎಂದೆ.

"ಏನಂದ್ರು?"

"ಡಾಕ್ಟರ ಹತ್ರ ಪರೀಕ್ಷೆ ಮಾಡಿಸ್ತಾರಂತೆ. ನಿಜ ಹೇಳಿದ್ದಕ್ಕೆ ಬಿಟ್ರು. ಅವನಿಗೂ ಕೆಲಸ ಉಳೀತು."

ಇಷ್ಟುದ್ದದ ಸುಳ್ಳು ಹೇಗೆ ಬಂತೋ ನನಗೇ ತಿಳಿಯದು. ದಾರಿಯಲ್ಲಿ ಜೋಡಿಸಿಕೊಂಡದ್ದಲ್ಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಅವತ್ತು ಶಾವಿಗೆ ಪಾಯಸ ಮಾಡಿದಳು. ಎರಡು ಲೋಟ ಕುಡಿದೆ. ಸೂಟ್‌ಕೇಸುಗಳನ್ನು ಮೇಲಕ್ಕೆ ಎತ್ತಿಡಲು ನಾನೇ ಸ್ಟೂಲು ಹತ್ತಿದೆ.

ಗ್ರೀನ್ ಕಾರ್ಡು ಬರುವವರೆಗೆ ಮೂರು ವರ್ಷ ಮುಳುಗಿದೆ. ಬೇ ನೀರು ಚಹಾದಂತೆ ಕಂದು, ಚಾಚಿದ ಕೈ ಕಾಣುವುದಿಲ್ಲ, ಕಂಬಗಳನ್ನು ತಡವಿ ತಡವಿ ಗುರುತಿಸಬೇಕು. ಒಂದು ದಿನವೂ ಉಸಿರು ಕಟ್ಟಲಿಲ್ಲ. ಸೀಟಿ ಎರಡು ಸಲ ಕೇಳಿತು. ಎರಡು ಸಲವೂ ಬಾಯಿ ತೆರೆದು, ಗುಳ್ಳೆ ಬಿಡುತ್ತ, ನಿಧಾನಕ್ಕೆ ಮೇಲೆ ಬಂದು, ಕಿವಿ ನೋವು ಎಂದು ಹೇಳಿ ದಡ ಹತ್ತಿದೆ. ಕಾರ್ಡು ಕೈಗೆ ಬಂದ ತಿಂಗಳೇ ಆ ಕೆಲಸ ಬಿಟ್ಟು ಮೇಜಿನ ಕೆಲಸ ಹಿಡಿದೆ. ಅವಳು ಪಾಲೋ ಆಲ್ಟೋದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡಲು ಸೇರಿದಳು.

ಬಿಟ್ಟದ್ದು ನೀರನ್ನು ಮಾತ್ರ. ನನ್ನ ಹೆಂಡತಿ ಆ ಸೋಮವಾರದ ಕಥೆಯನ್ನು ಹೇಳಲು ಶುರು ಮಾಡಿದಳು. ಮೊದಲು ಅವಳ ತಂಗಿಗೆ ಕಾಗದದಲ್ಲಿ ಬರೆದಳು. ಆಮೇಲೆ ಡ್ಯಾನ್‌ವಿಲ್‌ನಲ್ಲಿ ಗೆಳೆಯರ ಮನೆಯ ಯುಗಾದಿ ಊಟದಲ್ಲಿ, ಇಪ್ಪತ್ತು ಜನರ ಮುಂದೆ, "ನಮ್ಮನೆಯವ್ರು ಕೆಲಸ ಹೋದ್ರೂ ಹೋಗ್ಲಿ ಅಂತ ನೇರವಾಗಿ ಹೋಗಿ ನಿಜ ಹೇಳಿದ್ರು," ಎಂದಳು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಹೋಳಿಗೆ ಇತ್ತು. ಯಾರೋ ಒಬ್ಬರು ತಮ್ಮ ಮಗನನ್ನು ಕರೆದು ಅಂಕಲ್ ಕೈ ಕುಲುಕು ಎಂದರು. ಅವನು ಕುಲುಕಿದ. ಮುಂದೆ ನಮಗೆ ಮಗಳು ಹುಟ್ಟಿ ದೊಡ್ಡವಳಾದ ಮೇಲೆ ಅವಳಿಗೂ ಹೇಳಿದಳು. ಮಗಳು ಕಾಲೇಜಿಗೆ ಹೊರಡುವಾಗ ನನ್ನನ್ನು ಅಪ್ಪಿಕೊಂಡು, ನಾನು ನಿನ್ನ ಹಾಗೇ ಇರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಒಬ್ಬ ಮನುಷ್ಯ ಎಷ್ಟು ವರ್ಷ ಉಸಿರು ಕಟ್ಟಿಕೊಂಡು ಇರಬಹುದು? ನಾನು ಮಾವನ ದಾಖಲೆಯನ್ನು ಎಂದೋ ಮುರಿದೆ.

ಆ ಕಥೆ ಅವಳ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆದಿದೆ. ಅವಳು ನನ್ನ ಮೇಲೆ ಸಿಟ್ಟಾದಾಗಲೂ, ಏನೇ ಆಗಲಿ ಸುಳ್ಳು ಮಾತ್ರ ಹೇಳಲ್ಲ ಈ ಮನುಷ್ಯ ಎಂದು ಅದರಿಂದಲೇ ಸಮಾಧಾನ ಮಾಡಿಕೊಳ್ಳುತ್ತಾಳೆ. ಅವಳು ಆ ಸುಳ್ಳಿನ ಮೇಲೆ ಮನೆ ಕಟ್ಟಿದ್ದಾಳೆ. ನಾನು ಅದರೊಳಗೆ ವಾಸ ಮಾಡುತ್ತಿದ್ದೇನೆ. ಹೇಳಿದರೆ ಅವಳ ಮನೆ ಬೀಳುತ್ತದೆ ಎಂದು ಹೇಳಲಿಲ್ಲ ಎಂದುಕೊಳ್ಳುತ್ತ ಬಂದೆ. ಅದೂ ಪೂರ್ತಿ ನಿಜವಲ್ಲ. ಅವಳು ನನ್ನನ್ನು ನೋಡುವ ಕಣ್ಣು ನನಗೆ ಬೇಕಾಗಿತ್ತು.

ನಾನು ಏನೇ ಬರೆದರೂ ಮೊದಲು ಓದುವವಳು ಅವಳೇ. ಕೆಂಪು ಪೆನ್ನು ಹಿಡಿದುಕೊಂಡು ಓದುತ್ತಾಳೆ, ಟೀಚರಲ್ಲವೆ. ಈಗ ಅಡುಗೆಮನೆಯಿಂದ, "ಮೂರು ದಿನದಿಂದ ಏನ್ರೀ ಅದು, ಮುಗೀತಾ?" ಎಂದು ಕೇಳುತ್ತಿದ್ದಾಳೆ. ಮುಗಿಯಿತು ಎಂದೆ. ಯಾವುದರ ಮೇಲೆ ಎಂದಳು. ಆ ಸೋಮವಾರದ ಮೇಲೆ ಎಂದೆ. "ಅಂತೂ ಬರೆದ್ರಲ್ಲ, ಕೊಡಿ," ಎಂದು ಕೈ ಒರೆಸಿಕೊಳ್ಳುತ್ತ, ನಗುತ್ತ ಬರುತ್ತಿದ್ದಾಳೆ.